ಮಗಳು ಕೇಳಿದ ಪುಂಡಿ ಬೇರೆ, ನಾ ಮಾಡಿದ ಪುಂಡಿ ಬೇರೆ: ಮಕ್ಕಳಿಗೆ ‘ನಮ್ಮದು’ ಅನ್ನೋದು ಹೆಂಗ ಬರ್ತೈತಿ?

ಗದಗಿನವ್ವ:

ಎಲ್ಲಾರಿಗೂ ನಮಸ್ಕಾರ್ರೀ. ಭಾಳ ದಿನದಿಂದ ಮನಸ್ಸಿನಾಗ ಇಟ್ಕೊಂಡಿದ್ದು ಇವತ್ತ ಬರ್ಯಾಕತ್ತೀನಿ, ಉದ್ದ ಆದ್ರ ತಪ್ಪ ತಿಳ್ಕೋಬ್ಯಾಡ್ರಿ. ನಮ್ಮೂರು ಗದಗ ಜಿಲ್ಲಾ, ರೋಣದ ಕಡೆ. ಮನಿಯವ್ರ ಕೆಲಸದ ಸಲುವಾಗಿ ಸುರತ್ಕಲ್‌ಗೆ ಬಂದು 11 ವರ್ಷ ಆತು. ಮಗಳು ಹುಟ್ಟಿದ್ದು ಇಲ್ಲೇ, ಈಗ ಮೂರನೇ ಕ್ಲಾಸು. ಬಾಜೂ ಮನಿ ತುಳು ಮಂದಿ, ನಾ ಕೆಲಸಕ್ಕ ಹೋದಾಗ ಆಕಿನ್ನ ನೋಡ್ಕೊಂಡಿದ್ದು ಆ ಮನಿ ಅಜ್ಜಿನ, ಹಂಗಾಗಿ ಆಕಿ ಬಾಯಾಗ ಮೊದಲ ಬಂದಿದ್ದೂ ತುಳುನ.

ಈಗ ವಿಷಯಕ್ಕ ಬರ್ತೀನಿ. ಮೊನ್ನೆ ಕಾರಹುಣ್ಣಿವಿ ಹಿಂದಿನ ದಿನ ಮಗಳು “ಅಮ್ಮ, ನಾಳೆ ಪುಂಡಿ ಮಾಡ್ತೀಯಾ” ಅಂದ್ಲು. ನನಗ ಎಷ್ಟು ಖುಷಿ ಆತಂದ್ರ, ಊರಿಂದ ಬರೋ ಬಸ್ಸಿನಾಗ ಅಣ್ಣನ ಕಡೆಯಿಂದ ಪುಂಡಿ ಸೊಪ್ಪು ತರಿಸಿ, ಜೋಳದ ನುಚ್ಚು ಹಾಕಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ಪಲ್ಯ ಮಾಡಿ, ಬಿಸಿ ರೊಟ್ಟಿ ಬಡಿದು ಮುಂದ ಇಟ್ಟೆ. ಆಕಿ ತಾಟ ನೋಡಿ “ಇದು ಎಂತ? ನಾನು ಪುಂಡಿ ಹೇಳಿದ್ದು” ಅಂದ್ಲು. ಆಕಿಗೆ ಬೇಕಾಗಿದ್ದು ಇಲ್ಲಿ ಅಕ್ಕಿ ಹಿಟ್ಟಿನ ಉಂಡಿ ಕಟ್ಟಿ ಆವಿಯಾಗ ಬೇಯಸ್ತಾರಲ್ಲ ಆ ಪುಂಡಿ, ಕಡ್ಲಿ ಗಸಿ ಜೊತಿ. ಪಲ್ಯ ಬಾಯಿಗೆ ಇಟ್ಟು “ಹುಳಿ” ಅಂತ ಬಿಟ್ಲು, ಬಾಜೂ ಮನಿಗೆ ಹೋಗಿ ಉಂಡ್ಲು. ನಾ ಅಡಿಗಿ ಮನಿಯಾಗ ನಿಂತು ಅತ್ತೀನಿ. ಪಲ್ಯ ಬಿಟ್ಟಿದ್ದಕ್ಕಲ್ರೀ, ನಾ ಎಂಟು ವರ್ಷದಾಕಿ ಇದ್ದಾಗ ಆ ಹುಳಿ ವಾಸನಿ ಬಂದ್ರ ಓಡಿ ಬರ್ತಿದ್ದೆ, ನನ್ನ ಮಗಳಿಗೆ ಅದು ಪರಕೀಯ ಆಗೇತಿ.

ಒಂದ ಒಂದ ಲೆಕ್ಕ ಹಾಕ್ತಾ ಹೋದ್ರ ಹಿಂಗೇ ಐತಿ. ನಾಗರಪಂಚಮಿ ಅಂದ್ರ ನಮಗ ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ತವರಿಗೆ ಹೋಗೋದು. ಆಕಿಗೆ ನಾಗಬನ, ನಾಗಗ ಮಾಡೋ ತಂಬಿಲ ಪೂಜಾ, ಹಿಂಗಾರ (ಅಡಿಕಿ ಹೂವು), ಅರಿಷಿಣ ಎಲಿ ಕಡುಬು. ಮಳಿ ಬರ್ಲಿಲ್ಲಂದ್ರ ನಾವು ಸಣ್ಣಾವ್ರಿದ್ದಾಗ ಮಳಿ ಕರಿಯೋ ಸಗಣಿ ಮೂರ್ತಿ ಗುರ್ಚಿ ತಲಿ ಮ್ಯಾಲ ಹೊತ್ಕೊಂಡು ಮನಿ ಮನಿಗೆ ಹಾಡಕೋತ ಹೋಗ್ತಿದ್ವಿ, ಎಲ್ಲಾರೂ ತಲಿ ಮ್ಯಾಲ ನೀರು ಸುರೀತಿದ್ರು. ಇದನ್ನ ಹೇಳಿದ್ರ ಆಕಿ “ಮಳೆಯನ್ನ ಯಾರಾದ್ರೂ ಕರೀತಾರಾ ಅಮ್ಮ” ಅಂತ ಕೇಳ್ತಾಳ. ಆಕಿದೂ ತಪ್ಪಿಲ್ಲ, ಇಲ್ಲಿ ವರ್ಷಕ್ಕ 3500 ಮಿಲಿಮೀಟರ್ ಮ್ಯಾಲ ಸುರಿತೈತಿ, ನಮ್ಮಲ್ಲಿ 600ರ ಆಸುಪಾಸು.

ಅತ್ತಿ ಫೋನಿನಾಗ “ಕೂಸು ನಮ್ಮ ಕೈ ಬಿಟ್ಟು ಹೋತವ್ವ” ಅಂತಾರ. ಮನಿಯವ್ರು “ಇರೋ ಊರಿನಂಗ ಇರ್ಲಿ ಬಿಡು” ಅಂತಾರ. ನನಗ ಎರಡೂ ಪೂರ್ತಿ ಸರಿ ಅನಸವಲ್ದು. ಆಕಿ ತನ್ನ ಸಂಸ್ಕೃತಿ ಬಿಟ್ಟು ಬೇರೆದು ಹಿಡಿಯಾಕತ್ತಾಳೋ, ಅಥವಾ ನನಗ ಬೇರೆ ಅನಸೋದು ಆಕಿಗೆ ತಂದೇ ಆಗೇತೋ? ಕಲಸಬೇಕಂದ್ರ ಹೆಂಗ ಕಲಸಬೇಕು? ನನಗಂತೂ ಯಾರೂ ಕೂಡಿಸಿ ಕಲಿಸಿದ ನೆನಪಿಲ್ಲ. ಹಿಂಗ ಅನುಭವ ಇದ್ದವ್ರು ದಯವಿಟ್ಟು ಹೇಳ್ರಿ.


ಕದ್ರಿಗುಡ್ಡೆ:

ಅಕ್ಕ ನೀವು ಬರೆದದ್ದು ಓದಿ ಹೊಟ್ಟೆ ಚುರ್ ಅಂತು. ನಂಗೆ 58 ವರ್ಷ, ಹುಟ್ಟಿದ್ದು ಬೆಳೆದದ್ದು ಎಲ್ಲಾ ಮಂಗಳೂರಲ್ಲೇ, ಮನೆ ಭಾಷೆ ತುಳು. ನೀವು ಕೊನೆಗೆ ಒಂದು ಮಾತು ಹೇಳಿದ್ರಲ್ಲ, ಯಾರೂ ಕೂರಿಸಿ ಕಲಿಸ್ಲಿಲ್ಲ ಅಂತ, ನಂಗೆ ಅದೇ ಮುಖ್ಯ ಕಾಣ್ತದೆ.

ಆಟಿ (ತುಳುವಿನ ಮಳೆಗಾಲದ ತಿಂಗಳು) ಅಮಾವಾಸ್ಯೆ ದಿವಸ ಇಲ್ಲಿ ಪಾಲೆ ಮರದ ಕೆತ್ತೆಯ, ಅಂದ್ರೆ ತೊಗಟೆಯ, ಕಷಾಯ ಕುಡೀಲಿಕ್ಕೆ ಉಂಟು, ನಿಮ್ಮ ಮಗಳೂ ಕುಡಿದಿರ್ಬಹುದು. ನಮ್ಮಪ್ಪ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಹೋಗಿ ಕೆತ್ತೆ ತರ್ತಿದ್ರು, ಕತ್ತಿ ತಾಗಿಸ್ಲಿಕ್ಕಿಲ್ಲ, ಕಲ್ಲಲ್ಲೇ ಗುದ್ದಿ ತೆಗೀಬೇಕು. ನಾನು ಆರು ವರ್ಷದಿಂದ ಅವರ ಹಿಂದೆ ಟಾರ್ಚ್ ಹಿಡ್ಕೊಂಡು ಹೋಗ್ತಿದ್ದೆ ಅಷ್ಟೇ. ಇದು ಪಾಲೆ, ಒಂದು ಗಂಟಲ್ಲಿ ಏಳೆಂಟು ಎಲೆ ಸುತ್ತ ಇರ್ತದೆ, ಗೀರಿದ್ರೆ ಹಾಲು ಬರ್ತದೆ ಅಂತ ಅವರು ಪಾಠ ಮಾಡ್ಲಿಲ್ಲ, ಮರ ಮುಟ್ಟಿ ಮುಟ್ಟಿ ಗೊತ್ತಾಯ್ತು. ಇದು ಸಣ್ಣ ವಿಷಯ ಅಲ್ಲ ಆಯ್ತಾ, ಕತ್ತಲಲ್ಲಿ ಮರ ತಪ್ಪಿ ಕಾಸರ್ಕದ ತೊಗಟೆ ತಂದ್ರೆ ಅದು ವಿಷ, ಜೀವಕ್ಕೇ ಅಪಾಯ. ಪುಸ್ತಕ ನೋಡಿ, ಮೊಬೈಲ್‌ನಲ್ಲಿ ವಿಡಿಯೋ ನೋಡಿ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ, ಗೊತ್ತಿದ್ದವರ ಜೊತೆ ಹೋಗಿ. ಕುಡಿದ ಮೇಲೆ ಬಾಯೆಲ್ಲ ಕಹಿ, ಆಮೇಲೆ ಅಮ್ಮ ಮೆಂತೆ ಗಂಜಿ ಕೊಡ್ತಿದ್ರು, ಆ ಗಂಜಿಯ ರುಚಿ ಆ ಕಹಿ ಇಲ್ಲದಿದ್ರೆ ಬರುವುದೇ ಇಲ್ಲ.

ಈಗ ಸಂಘದವರು, ಶಾಲೆಯವರು ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಅಂತ ಮಾಡ್ತಾರೆ, ಹಾಲ್‌ನಲ್ಲಿ ಇಪ್ಪತ್ತು ಮೂವತ್ತು ಬಗೆ ಅಡುಗೆ. ಮಾಡ್ಲಿ, ನಾನೂ ಪತ್ರೊಡೆ ಮಾಡಿ ತಕ್ಕೊಂಡು ಹೋಗ್ತೇನೆ. ಆದ್ರೆ ನಮ್ಮಮ್ಮನಿಗೆ ಆಟಿ ಅಂದ್ರೆ ಹಸಿವಿನ ತಿಂಗಳು, ಅಕ್ಕಿ ಮುಗಿದು ಹೊಸ ಬೆಳೆ ಬರದೆ, ತಜಂಕ್ ಸೊಪ್ಪು, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ ತಿಂದು ಕಳೆದ ತಿಂಗಳು. ಮಕ್ಕಳಿಗೆ ಅಡುಗೆಯ ಹೆಸರು ಸಿಗ್ತಾ ಉಂಟು, ಆ ಹಸಿವಿನ ಕತೆ ಸಿಗ್ತಾ ಇಲ್ಲ. ಅದನ್ನೂ ಹೇಳ್ಬೇಕು ಅಂತ ನನ್ನ ಹಠ.

ನಂಗೆ ನಿಮ್ಮ ಹಾಗೇ ಒಂದು ನೋವು ಉಂಟು. ನನ್ನ ಮೊಮ್ಮಗ ಇಲ್ಲೇ, ಬಿಜೈಯಲ್ಲಿ ಫ್ಲ್ಯಾಟ್‌ನಲ್ಲಿ ಇರುವುದು, ಅವನಿಗೆ ತುಳು ಅರ್ಥ ಆಗ್ತದೆ, ಮಾತಾಡುವುದಿಲ್ಲ, ಇಂಗ್ಲಿಷ್‌ನಲ್ಲಿ ಉತ್ತರ ಕೊಡ್ತಾನೆ. ನಿಮ್ಮ ಮಗಳು ಪಕ್ಕದ ಮನೆ ಅಜ್ಜಿ ಜೊತೆ ತುಳು ಮಾತಾಡ್ತಾಳೆ ಅಂದಾಗ ನಂಗೆ ಕಣ್ಣಲ್ಲಿ ನೀರು ಬಂತು. ಊರು ಬಿಟ್ಟು ಬಂದವರ ಮಕ್ಕಳಿಗೆ ಮಾತ್ರ ಹೀಗಾಗುವುದು ಅಂತ ಎಣಿಸಬೇಡಿ.


ಪಾಠದಮನೆ_ಉಡುಪಿ:

ನಾನು ಉಡುಪಿಯಲ್ಲಿ ಕಾಲೇಜಲ್ಲಿ ಸಮಾಜಶಾಸ್ತ್ರ ಹೇಳಿಕೊಡ್ತೇನೆ. ಗದಗಿನವ್ವನವರ ಪ್ರಶ್ನೆ ನಮ್ಮ ಸಬ್ಜೆಕ್ಟಿನ ನಡು ಮಧ್ಯದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಎರಡು ಶಬ್ದ ಉಂಟು. ಒಂದು ಎನ್‌ಕಲ್ಚರೇಶನ್, ಹುಟ್ಟಿದ ಮಗು ತನ್ನ ಸುತ್ತಲಿನ ಬದುಕನ್ನೇ ಉಸಿರಾಡಿ ತನ್ನದು ಮಾಡ್ಕೊಳ್ಳುವುದು. ಈ ಶಬ್ದವನ್ನ ಬಳಕೆಗೆ ತಂದದ್ದು ಮೆಲ್ವಿಲ್ ಹರ್ಸ್ಕೊವಿಟ್ಸ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ, 1948ರಲ್ಲಿ. ಇನ್ನೊಂದು ಅಕಲ್ಚರೇಶನ್, ಒಂದು ಸಂಸ್ಕೃತಿಯಲ್ಲಿ ಬೆಳೆದಾದ ಮೇಲೆ ಇನ್ನೊಂದರ ಜೊತೆ ದಿನಾ ಒಡನಾಡಿ ಬದಲಾಗುವುದು. 1936ರಲ್ಲಿ ರೆಡ್‌ಫೀಲ್ಡ್, ಲಿಂಟನ್, ಇದೇ ಹರ್ಸ್ಕೊವಿಟ್ಸ್ ಮೂರೂ ಜನ ಸೇರಿ ಇದಕ್ಕೆ ವ್ಯಾಖ್ಯೆ ಬರೆದ್ರು. (ಕನ್ನಡದಲ್ಲಿ ಇದನ್ನ ‘ಸಂಸ್ಕೃತೀಕರಣ’ ಅಂತ ಬರೀಬೇಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ಯಾವಾಗ್ಲೂ ಹೇಳ್ತೇನೆ, ಆ ಶಬ್ದ ಎಂ.ಎನ್. ಶ್ರೀನಿವಾಸ್ ಅವರ ಬೇರೆಯೇ ವಿಚಾರಕ್ಕೆ ಸಂದಾಯ ಆಗಿ ಹೋಗಿದೆ, ಜಾತಿಗಳು ಮೇಲಿನವರ ಆಚಾರ ಹಿಡಿಯುವ ವಿಚಾರಕ್ಕೆ.)

ಈಗ ನಿಮ್ಮ ಮನೆಗೆ ಬನ್ನಿ. ಒಂದೇ ಮನೆ, ಒಂದೇ ಊಟದ ತಟ್ಟೆ, ಆದ್ರೆ ನಿಮಗೂ ಮಗಳಿಗೂ ಆಗ್ತಾ ಇರುವುದು ಒಂದೇ ಅಲ್ಲ. ನಾಗಬನ, ಪಾಲೆ ಕಷಾಯ, ಅಕ್ಕಿ ಪುಂಡಿ ಇದೆಲ್ಲ ನಿಮಗೆ ಎರಡನೆಯದು, ತಿಳಿದು ತಿಳಿದು ಕಲಿತದ್ದು. ಅವಳಿಗೆ ಅದು ಮೊದಲನೆಯದು. ಅವಳು ಏನನ್ನೂ ಬಿಟ್ಟಿಲ್ಲ, ಬಿಡ್ಲಿಕ್ಕೆ ಅವಳ ಕೈಯಲ್ಲಿ ಮೊದಲು ಬೇರೆ ಏನೂ ಇರ್ಲಿಲ್ಲವಲ್ಲ. ಹಾಗೆ ನೋಡಿದ್ರೆ ಪುಂಡಿ ಪಲ್ಯವೇ ಅವಳಿಗೆ ಎರಡನೆಯ ಸಂಸ್ಕೃತಿ. ಕೇಳ್ಲಿಕ್ಕೆ ಕಷ್ಟ ಆಗ್ತದೆ ಅಂತ ಗೊತ್ತು, ಆದ್ರೆ ಇದು ಒಪ್ಪಿಕೊಂಡ್ರೆ ದಾರಿ ಸುಲಭ ಆಗ್ತದೆ. ಯಾಕಂದ್ರೆ ಎರಡನೆಯದನ್ನ ಕಲಿಸುವ ಕ್ರಮವೇ ಬೇರೆ. ಮೊದಲನೆಯದು ಮೂಗಿಂದ, ಕೈಯಿಂದ, ಬೈಗುಳದಿಂದ ತಾನಾಗಿ ಬರ್ತದೆ. ಎರಡನೆಯದಕ್ಕೆ ಕಾರಣ ಹೇಳ್ಬೇಕು, ಕತೆ ಹೇಳ್ಬೇಕು, ಹೋಲಿಸಿ ತೋರಿಸ್ಬೇಕು. ನೀವು ಗುರ್ಚಿ ಹೇಳುವ ಮೊದಲು ಮಳೆ ಬಾರದ ಜೂನ್ ಹೇಗಿರ್ತದೆ ಅಂತ ಅವಳಿಗೆ ತೋರಿಸ್ಬೇಕು.

ಹೋಲಿಸ್ಲಿಕ್ಕೆ ನಿಮ್ಮ ಹತ್ರ ಬೇಕಾದಷ್ಟು ಉಂಟು. ನಿಮ್ಮ ಕಡೆ ಸೀಗಿ ಹುಣ್ಣಿಮೆಗೆ ಭೂಮಿತಾಯಿ ಬಸುರಿ ಅಂತ ಹೊಲಕ್ಕೆ ಹೋಗಿ ಬಯಕೆ ಊಟ ಬಡಿಸಿ ಚರಗ ಚೆಲ್ಲುವುದಲ್ವಾ? ಇಲ್ಲಿ ಫೆಬ್ರವರಿಯಲ್ಲಿ ಕೆಡ್ಡಸ, ಭೂಮಿ ಮುಟ್ಟಾದಳು ಅಂತ ಮೂರು ದಿನ ಅಗೀಲಿಕ್ಕಿಲ್ಲ, ಉಳ್ಲಿಕ್ಕಿಲ್ಲ, ಅಂಗಳದಲ್ಲಿ ಭೂಮಿಗೆ ಎಣ್ಣೆ ಬಿಟ್ಟು ಹುರಿದ ಅಕ್ಕಿ ಹುಡಿಯ ನನ್ನೇರಿ ಇಡ್ತಾರೆ. ಎರಡು ಕಡೆಯೂ ಮಣ್ಣನ್ನ ಹೆಂಗಸಾಗಿಯೇ ಕಂಡದ್ದು, ಅವಳ ಮೈಯ ಬೇರೆ ಬೇರೆ ಹೊತ್ತನ್ನ ಹಬ್ಬ ಮಾಡಿದ್ದು. ನಿಮ್ಮ ಮಗಳು ಕೆಡ್ಡಸ ನೋಡಿದವಳಾದ್ರೆ ಸೀಗಿ ಹುಣ್ಣಿಮೆ ಅವಳಿಗೆ ಅರ್ಧ ಆಗ್ಲೇ ಗೊತ್ತುಂಟು.

ಕೆನಡಾದ ಜಾನ್ ಬೆರ್ರಿ ಅನ್ನುವ ಮನಶ್ಶಾಸ್ತ್ರಜ್ಞ ಬಂದವರ ಎದುರು ನಾಲ್ಕು ದಾರಿ ಉಂಟು ಅಂತಾರೆ. ಹಳೆಯದು ಬಿಟ್ಟು ಹೊಸದರಲ್ಲಿ ಪೂರ್ತಿ ಕರಗುವುದು, ಹಳೆಯದನ್ನೇ ಹಿಡಿದು ಬೇರೆಯಾಗಿ ಇರುವುದು, ಎರಡನ್ನೂ ಇಟ್ಕೊಳ್ಳುವುದು, ಎರಡೂ ತಪ್ಪಿ ಹೋಗುವುದು. ಹೆಚ್ಚಿನ ಅಧ್ಯಯನಗಳಲ್ಲಿ ಎರಡನ್ನೂ ಇಟ್ಕೊಂಡವರೇ ನೆಮ್ಮದಿಯಲ್ಲಿ ಇದ್ದದ್ದು ಕಂಡಿದೆ. ಆದ್ರೆ ನನ್ನ ಅನುಭವದಲ್ಲಿ ಒಬ್ಬನೇ ಮನುಷ್ಯ ಬೆಳಗ್ಗೆ ಒಂದು ದಾರಿಯಲ್ಲಿ, ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ದಾರಿಯಲ್ಲಿ ಇರ್ತಾನೆ, ಹಾಗಾಗಿ ಆ ನಾಲ್ಕನ್ನ ನಾಲ್ಕು ಕೋಣೆ ಅಂತ ತಿಳೀಬೇಡಿ. ಮತ್ತೆ 1936ರ ವ್ಯಾಖ್ಯೆಯಲ್ಲಿ ಒಂದು ಮಾತು ಜನ ಮರೀತಾರೆ, ಬದಲಾವಣೆ ಒಂದು ಗುಂಪಲ್ಲೂ ಆಗಬಹುದು, ಎರಡೂ ಗುಂಪಲ್ಲೂ ಆಗಬಹುದು ಅಂತ. ಮಂಗಳೂರಲ್ಲಿ ಈಗ ಜೋಳದ ರೊಟ್ಟಿಯ ಖಾನಾವಳಿ ಇಲ್ವಾ? ನಿಮ್ಮ ಪಕ್ಕದ ಮನೆ ಅಜ್ಜಿ ನಿಮ್ಮಿಂದ ಏನು ಕಲಿತ್ರು ಅಂತ ಒಮ್ಮೆ ನೋಡಿ.

ಇನ್ನೊಂದು ನೆನಪಾಯ್ತು. ದೊಡ್ಡವರಾದ ಮೇಲೆ ಕಲಿತದ್ದು ಕಡಿಮೆ ಅಂತ ಅಲ್ಲ. ಜರ್ಮನಿಯ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ ಕೆಲಸಕ್ಕೆ ಬಂದದ್ದು ಮೊದಲು ನಿಮ್ಮ ಧಾರವಾಡದ ಕಡೆಗೆ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ ಮಂಗಳೂರಲ್ಲಿ. ನೀವು ಬಂದ ದಾರಿಯಲ್ಲೇ ಅವರೂ ಬಂದದ್ದು.


ಬಂದರ್_ಅಂಗಡಿ:

ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ಕನ್ನಡ, ಕೊಂಕಣಿ, ಹಿಂದಿ, ಬೋಟಿನ ಕೆಲಸದವರ ಜೊತೆ ಮಲಯಾಳಂ. ಇದ್ಯಾವುದೂ ಶಾಲೆಯಲ್ಲಿ ಕಲಿತದ್ದಲ್ಲ. ನಮ್ಮ ಬಾಪ ನನ್ನನ್ನು ಒಂಬತ್ತು ವರ್ಷಕ್ಕೇ ಅಂಗಡಿಯಿಂದ ಅಂಗಡಿಗೆ ಚಿಲ್ಲರೆ ತರ್ಲಿಕ್ಕೆ ಕಳಿಸ್ತಿದ್ರು, ಹೋದಲ್ಲಿ ಅವರವರ ಭಾಷೆ. ಮಗಳಿಗೆ ನಿಮ್ಮ ಕಡೆ ಮಾತು ಬರ್ಬೇಕಾದ್ರೆ ಆ ಮಾತು ಆಡದೆ ಕೆಲಸ ಆಗದ ಒಂದು ಜಾಗ ಬೇಕು. ಮೂಲ್ಕಿ ಬಪ್ಪನಾಡು ದೇವಸ್ಥಾನದ ಕತೆ ಅವಳಿಗೆ ಗೊತ್ತಿಲ್ಲದಿದ್ರೆ ಹೇಳಿ, ಬಪ್ಪ ಬ್ಯಾರಿಯ ಹೆಸರಿಂದ ಬಂದ ಊರು ಅಂತ ಇಲ್ಲಿ ಎಲ್ಲರೂ ಹೇಳುವುದು, ಸುರತ್ಕಲ್‌ನಿಂದ ಹತ್ತಿರ. ಹೊರಗಿಂದ ಬಂದವರ ಕತೆ ಈ ಊರಲ್ಲಿ ಮೊದಲಿಂದಲೂ ಉಂಟು.


ಮಸ್ಕತ್_ಕೊಡಿಯಾಲ್:

ನಮ್ಮದು ಕೊಂಕಣಿ ಮಾತಾಡುವ ಕಥೊಲಿಕ್ ಮನೆ, ಮೂಲ ಬೊಂದೆಲ್, ನಾನು 14 ವರ್ಷದಿಂದ ಮಸ್ಕತ್‌ನಲ್ಲಿ. ನಿಮ್ಮ ಚಿಂತೆ ನಂಗೆ ದಿನಾ ಉಂಟು.

ನಮ್ಮ ಹಿರಿಯರು ಗೋವಾದಿಂದ ಬಂದವರು. ಬಂದ ಮೇಲೆ ಇಲ್ಲಿಯ ಗದ್ದೆ, ಇಲ್ಲಿಯ ಕುಚ್ಚಲಕ್ಕಿ, ಇಲ್ಲಿಯ ಲಿಪಿ ಎಲ್ಲ ತಕ್ಕೊಂಡ್ರು, ಕೊಂಕಣಿ ಬಿಡ್ಲಿಲ್ಲ. ನಾವು ಕೊಂಕಣಿಯನ್ನ ಕನ್ನಡ ಲಿಪಿಯಲ್ಲೇ ಓದುವುದು, ರಾಕ್ಣೊ ವಾರಪತ್ರಿಕೆ 1938ರಿಂದ ಕನ್ನಡ ಲಿಪಿಯಲ್ಲೇ ಬರ್ತಾ ಇದ್ದದ್ದು. 1784ರಲ್ಲಿ ಟಿಪ್ಪು ಕಾಲದಲ್ಲಿ ಸಾವಿರಾರು ಜನರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದು 1799ರ ನಂತರ ಉಳಿದವರು ವಾಪಸ್ ಬಂದ್ರು, ಆ 15 ವರ್ಷದಲ್ಲಿ ಇಗರ್ಜಿ ಇಲ್ಲ, ಪಾದ್ರಿ ಇಲ್ಲ, ಆದ್ರೂ ಭಾಷೆ ಪ್ರಾರ್ಥನೆ ಉಳೀತು. ಹೇಗೆ ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ, ಮನೆಯ ಹೆಂಗಸರ ಬಾಯಲ್ಲೇ ಇರ್ಬೇಕು ಅಂತ ನನ್ನ ನಂಬಿಕೆ.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಮರಿಯಮ್ಮನ ಹುಟ್ಟುಹಬ್ಬ, ಮಕ್ಕಳು ಹೂ ಹಾಕ್ತಾರೆ, ಹೊಸ ಭತ್ತದ ತೆನೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ ಹಾಲಲ್ಲಿ ಹಾಕಿ ಮನೆಯವರೆಲ್ಲ ಕುಡಿಯುವುದು, ಆ ದಿನ ಮೀನು ಮಾಂಸ ಇಲ್ಲ, ಬಾಳೆಲೆ ಊಟ. ನಮ್ಮ ನೆರೆಯ ತುಳು ಮನೆಗಳಲ್ಲೂ ಹೊಸ ತೆನೆ ತಂದು ಕಟ್ಟುವ ಹಬ್ಬ ಉಂಟು, ಅದೇ ಗದ್ದೆಯ ಅದೇ ತೆನೆ. ನನ್ನ ಅಮ್ಮ ಪ್ರತಿ ವರ್ಷ ನಾಲ್ಕು ಕಾಳು ಲಕೋಟೆಯಲ್ಲಿ ಹಾಕಿ ಮಸ್ಕತ್‌ಗೆ ಕಳಿಸ್ತಾರೆ. ಅದು ಬರುವಾಗ ಹಬ್ಬ ಮುಗಿದಿರ್ತದೆ, ಆದ್ರೂ ಅವತ್ತೇ ಹಾಲಿಗೆ ಹಾಕ್ತೇವೆ.

ನಿಮಗೆ ಉಪಯೋಗ ಆಗುವ ಒಂದು ಮಾತು ಹೇಳ್ತೇನೆ. ಮೊದಲು ನಾನೂ ಹಬ್ಬ ಹಬ್ಬ ಅಂತಲೇ ಇದ್ದೆ. ಹಬ್ಬಕ್ಕೆ ಡ್ರೆಸ್, ಹಾಡು, ಫೋಟೋ, ಮರುದಿನ ಎಲ್ಲ ಮರೆತು ಹೋಗ್ತಿತ್ತು. ಮಕ್ಕಳಿಗೆ ಕೊಂಕಣಿ ಬಂದದ್ದು ಹಬ್ಬದಿಂದ ಅಲ್ಲ, ತೇರ್ಸ್‌ನಿಂದ. ದಿನಾ ರಾತ್ರಿ ಎಂಟು ಗಂಟೆಗೆ ಇಪ್ಪತ್ತು ನಿಮಿಷ ಎಲ್ಲರೂ ಕೂತು ಕೊಂಕಣಿಯಲ್ಲಿ ಪ್ರಾರ್ಥನೆ, ಒಬ್ಬೊಬ್ಬರ ಸರದಿ. ಮೊದಲ ವರ್ಷ ಅರ್ಥ ಇಲ್ಲದೆ ಬಾಯಿಪಾಠ, ಎರಡನೇ ವರ್ಷ “ಈ ಶಬ್ದ ಅಂದ್ರೆ ಎಂತ ಪಪ್ಪಾ” ಅಂತ ಕೇಳ್ಲಿಕ್ಕೆ ಶುರು. ವರ್ಷಕ್ಕೊಂದು ದಿನದ ದೊಡ್ಡದಕ್ಕಿಂತ ದಿನಾ ಇರುವ ಸಣ್ಣದು ಹಿಡೀತದೆ. ನಿಮ್ಮಲ್ಲಿ ಅಂಥದ್ದು ಏನುಂಟು ಅಂತ ನೀವೇ ಹುಡುಕ್ಬೇಕು, ರೊಟ್ಟಿ ಬಡಿಯುವುದೇ ಆದ್ರೂ ಆದೀತು.


ಘಟ್ಟದ_ಹುಡುಗ:

ಅಕ್ಕ, ನಾನು ನಿಮ್ಮ ಮಗಳ ಜಾಗದಲ್ಲಿ ಇದ್ದವ. ಈಗ 26. ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಾಂಕ್ರೀಟ್ ಕೆಲಸಕ್ಕೆ ಬಂದವರು, ನಾನು ಕೂಳೂರಿನ ಹತ್ರ ಶೆಡ್ಡಲ್ಲಿ ಬೆಳೆದದ್ದು. ಸರ್ಕಾರಿ ಶಾಲೆ, ಫ್ರೆಂಡ್ಸ್ ಎಲ್ಲ ತುಳು. ನನ್ನ ತುಳು ಕೇಳಿದ್ರೆ ಯಾರಿಗೂ ಗೊತ್ತಾಗುವುದಿಲ್ಲ. ನವರಾತ್ರಿಗೆ ನಾಲ್ಕು ವರ್ಷ ಪಿಲಿ (ಹುಲಿ) ವೇಷ ಹಾಕಿದ್ದೇನೆ, ತಾಸೆ ವಾದ್ಯದ ಪೆಟ್ಟು ಕಿವಿಗೆ ಬಿದ್ರೆ ಈಗಲೂ ಕಾಲು ನಿಲ್ಲುವುದಿಲ್ಲ. ಅದು ನಂದೇ, ಯಾರಾದ್ರೂ ಅಲ್ಲ ಅಂದ್ರೆ ಜಗಳ ಮಾಡ್ತೇನೆ.

ಆದ್ರೂ ಇಲ್ಲಿ ಸಿಟ್ಟು ಬಂದಾಗ “ಘಟ್ಟದವ” ಅಂತಾರೆ, ಊರಿಗೆ ಹೋದ್ರೆ ಕಾಕನ ಮಕ್ಕಳು “ಮಂಗಳೂರಾಂವ ಬಂದ” ಅಂತ ನಗ್ತಾರೆ, ನಾನು “ಎಂತ” ಅಂದ ಕೂಡ್ಲೆ. ಸಣ್ಣವನಿದ್ದಾಗ ಊರಿಗೆ ಹೋಗುವುದೇ ಬೇಡ ಅಂತ ಹಠ ಮಾಡ್ತಿದ್ದೆ. ಅಪ್ಪ ಅಮ್ಮನಿಗೂ ಕೆಲಸ, ಅವರೂ ಒತ್ತಾಯ ಮಾಡ್ಲಿಲ್ಲ, ಇರ್ಲಿ ಬಿಡು ಅಂದ್ರು.

ಅಲ್ಲಿಯೇ ನನ್ನ ತಕರಾರು, ಮೇಲೆ ಸರ್ ಹೇಳಿದ್ದು ಸರಿ ಇರಬಹುದು, ಇಲ್ಲಿಯದೇ ಮೊದಲನೆಯದು ಅಂತ. ಆದ್ರೆ ಎರಡನೆಯದಕ್ಕೆ ಟೈಮ್ ಇಲ್ಲ ಅಕ್ಕ. ನನ್ನ ಅಜ್ಜಿ ಬೀಸುವ ಪದ ಹೇಳ್ತಿದ್ಲಂತೆ, ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತ್ರೆ ಒಂದು ಪದ ಮತ್ತೆ ಬರದ ಹಾಗೆ ಹಾಡ್ತಿದ್ಲಂತೆ, ಅತ್ತೆಯ ಮೇಲೆ, ತವರಿನ ಮೇಲೆ, ಮಲ್ಲಯ್ಯನ ಮೇಲೆ. ‘ಅಂತೆ’ ಅಂತ ಹೇಳ್ಬೇಕಾಗಿದೆ ನೋಡಿ, ಯಾಕಂದ್ರೆ ನಾನು ಕೂತು ಕೇಳಿದ್ದೇ ಇಲ್ಲ. ನಾನು ಪಿಯುಸಿ ಓದುವಾಗ ಅವಳು ತೀರಿಕೊಂಡ್ಲು. ನನಗೆ ಆ ಪದದ ಮೇಲೆ ಆಸೆ ಹುಟ್ಟಿದ್ದು 22ಕ್ಕೆ, ಇಲ್ಲಿ ಒಬ್ಬರು ಅಜ್ಜಿ ಗದ್ದೆಯಲ್ಲಿ ಓಬೇಲೆ ಹಾಡಿದ್ದು ಕೇಳಿ, ನಮ್ಮಲ್ಲಿಯೂ ಇಂಥದ್ದು ಇತ್ತಲ್ಲ ಅಂತ ಅನಿಸಿ. ಫೋನಲ್ಲಿ ಹುಡುಕಿದೆ, ಅಜ್ಜಿಯ ಸ್ವರ ಒಂದು ನಿಮಿಷದ್ದೂ ಇಲ್ಲ.

ಮಗಳು ಪಲ್ಯ ಹುಳಿ ಅಂತ ಬಿಟ್ಟದ್ದಕ್ಕೆ ಅಳಬೇಡಿ, ನಾಲಿಗೆ ಬದಲಾಗ್ತದೆ, ನಾನು ಈಗ ಪುಂಡಿ ಪಲ್ಯ ಹುಡ್ಕೊಂಡು ಹೋಗಿ ತಿಂತೇನೆ. ಆದ್ರೆ ನಿಮ್ಮ ಅತ್ತೆ ಇದ್ದಾರಲ್ಲ, ಫೋನಲ್ಲಿ ಬೇಜಾರು ಮಾಡ್ಕೊಳ್ಳುವವರು, ರಜೆಯಲ್ಲಿ ಮಗಳನ್ನ ಒಬ್ಬಳನ್ನೇ ಒಂದು ತಿಂಗಳು ಅವರ ಹತ್ರ ಬಿಡಿ. ನೀವು ಜೊತೆಗಿದ್ರೆ ನೀವು ನಡುವೆ ಅನುವಾದ ಮಾಡ್ತೀರಿ. ಒಬ್ಬಳೇ ಇದ್ರೆ ಹೊಟ್ಟೆ ಹಸಿದಾಗ ಅವಳೇ “ಉಣ್ಣಾಕ ಕೊಡಬೇ” ಅಂತಾಳೆ. ಮತ್ತೆ ಅತ್ತೆಯ ಪದ, ಕತೆ, ಬೈಗುಳ ಎಲ್ಲ ಇವತ್ತೇ ರೆಕಾರ್ಡ್ ಮಾಡಿ ಇಡಿ. ದಯವಿಟ್ಟು.


ಕುಂದಾಪ್ರ_ಕಾಣಿ:

ಭಾಷೆ ವಿಷ್ಯದಲ್ಲಿ ಒಂದು ಸಣ್ಣ ಮಾತು. ನಮ್ಮನಿ ಮಾತು ಕುಂದಾಪ್ರ ಕನ್ನಡ, ಸಣ್ಣಕ್ಕಿಪ್ಪತಿಗೆ ಶಾಲೇಲಿ ಮೇಷ್ಟ್ರು “ಸರಿ ಕನ್ನಡ ಮಾತಾಡು” ಅಂದ್ ಅಂದೇ ನಂಗೆ ನಮ್ಮನಿ ಮಾತಾಡುಕೆ ನಾಚ್ಕಿ ಆಯ್ತಿತ್. ಮೂವತ್ತ್ ವರ್ಷ ಬೇಕಾಯ್ತ್ ಆ ನಾಚ್ಕಿ ಹೋಪುಕೆ. ಹಾಂಗಾಯಿ ನಿಮ್ಮ ಹುಡ್ಗಿ “ಎಂತ” ಅಂದಾಗ “ಏನು ಅನ್ಬೇಕು” ಅಂದೇಳಿ ತಿದ್ದುಕೆ ಹೋಯ್ಬೇಡಿ. ತಿದ್ದಿರೆ ಎರಡೂ ಬಾಯಿ ಮುಚ್ಚತ್ತ್.


ಗದಗಿನವ್ವ:

ಎಲ್ಲಾರಿಗೂ ಕೈ ಮುಗೀತೀನ್ರಿ. ಹದಿನೈದು ದಿನ ಆತು, ಉತ್ತರ ಬರೀಲಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದೊಂದನ್ನೂ ಎರಡೆರಡು ಸರ್ತಿ ಓದೀನಿ. ಘಟ್ಟದ ಹುಡುಗ ಅಂತ ಬರದ ತಮ್ಮಾ, ನಿನ್ನ ಮಾತು ಓದಿದ ರಾತ್ರೀನ ಅತ್ತಿಗೆ ಫೋನ್ ಹಚ್ಚಿ ಪದ ಹೇಳ್ರಿ ಅಂದೆ. ಮೊದಲ “ಈ ವಯಸ್ಸಿನಾಗ ಎಲ್ಲಿ ಪದನವ್ವ” ಅಂದ್ರು, ಆಮ್ಯಾಲ ಒಂದ ಶುರು ಮಾಡಿದವ್ರು ನಿಲ್ಲಿಸಲೇ ಇಲ್ಲ, ಹನ್ನೊಂದು ಪದ ರೆಕಾರ್ಡ್ ಆಗ್ಯಾವ. ದಸರಾ ರಜಾದಾಗ ಮಗಳನ್ನ ಒಬ್ಬಾಕಿನ್ನ ಬಿಟ್ಟು ಬರೋದು ಅಂತ ಮಾತಾಗೇತಿ, ಸೀಗಿ ಹುಣ್ಣಿವಿಗೆ ಶಾಲಿ ತಪ್ಪಿದ್ರೂ ಚಿಂತಿಲ್ಲ, ಹೊಲದಾಗ ಚರಗ ಚೆಲ್ಲಿ ಬರ್ಲಿ.

ಸರ್ ಹೇಳಿದ ಮಾತು, ನನ್ನದು ಆಕಿಗೆ ಎರಡನೇದು ಅನ್ನೋದು, ಎರಡು ದಿನ ಗಂಟಲಾಗ ಸಿಕ್ಕೊಂಡಂಗ ಆಗಿತ್ತು. ಈಗ ಇಳದೈತಿ. ಬಾಜೂ ಮನಿ ಅಜ್ಜಿ ಏನ ಕಲಿತಾರ ಅಂತ ನೋಡ್ರಿ ಅಂದಿದ್ರಲ್ಲ, ನೋಡಿದೆ. ಅವರ ಮನಿಯಾಗ ಶೇಂಗಾ ಚಟ್ನಿಪುಡಿ ಡಬ್ಬಿ ಐತಿ, ಗಂಜಿಗೆ ಉಪ್ಪಿನಕಾಯಿ ಬದಲಿ ಅದನ್ನ ಹಚ್ಕೊಂಡು ಉಣ್ತಾರ, ಖಾಲಿ ಆದ್ರ ಡಬ್ಬಿ ತೊಳದು ನಮ್ಮ ಕಟ್ಟಿ ಮ್ಯಾಲ ಇಟ್ಟು ಹೋಗ್ತಾರ. ಇಷ್ಟು ವರ್ಷ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಮೊನ್ನೆ ಮಣ್ಣೆತ್ತಿನ ಅಮಾಸಿ ಇತ್ತು. ಈ ಸರ್ತಿ ಎತ್ತು ಮಾಡೋದು ಅಂತ ಗಟ್ಟಿ ಮನಸ್ಸು ಮಾಡಿದೆ. ನಮ್ಮ ಎರಿ ಮಣ್ಣು ಇಲ್ಲೆಲ್ಲಿ ಸಿಗಬೇಕು, ಸುತ್ತೆಲ್ಲ ಕೆಂಪು ಮುರಕಲ್ಲು ಮಣ್ಣು, ಕಲಸಿದ್ರ ಒಡೀತೈತಿ. ಬಾಜೂ ಮನಿ ಅಣ್ಣಾರು ಗುರುಪುರ ಹೊಳಿ ಕಡೆಯಿಂದ ಹಂಚಿನ ಮಣ್ಣು ತಂದುಕೊಟ್ರು. ಮಂಗಳೂರು ಹಂಚು ಇದೇ ಮಣ್ಣಿಂದು, ಬಾಸೆಲ್ ಮಿಶನ್ನವ್ರು 1865ರಾಗ ಕಾರ್ಖಾನೆ ಹಾಕಿದ್ರು ಅಂತ ಅವರ ಹೇಳಿದ್ರು. ಎಷ್ಟ ಚಂದ ಮಣ್ಣು ಅಂತೀರಿ, ಬೆಣ್ಣಿ ಇದ್ದಂಗ. ಮಗಳಿಗೆ ಒಂದು ಉಂಡಿ ಕೊಟ್ಟು, ಜೋಡೆತ್ತು ಮಾಡು, ಗ್ವಾದ್ಲಿ ಮಾಡು ಅಂತ ಹೇಳಿ ನಾ ಹೋಳಿಗಿ ಕಡೆ ಹೋದೆ. ಬಂದು ನೋಡ್ತೀನಿ, ಎತ್ತಲ್ಲ, ಕೋಣ. ಕೊಂಬು ಹಿಂದಕ್ಕ ಬಾಗೇದು, ಎರಡಕ್ಕೂ ಕೂಡಿ ನೊಗ, ಹಿಂದ ಐಸ್ಕ್ರೀಮ್ ಕಡ್ಡಿ ಕಟ್ಟಿ “ಅಮ್ಮ ಇದು ಅಡ್ಡ ಹಲಗೆ” ಅಂದ್ಲು. ಕಂಬಳದ ಕೋಣ ಮಾಡ್ಯಾಳ. ಗ್ವಾದ್ಲಿ ಮಾತ್ರ ನಾ ಹೇಳಿದಂಗ ಮಾಡಿದ್ಲು, ಅದರಾಗ ಬೈಹುಲ್ಲು ಹಾಕಿ.

ಮಳಿಗೆ ಎರಡು ದಿನ ಆದ್ರೂ ಒಣಗಲೇ ಇಲ್ಲ. ಅಜ್ಜಿ ತಮ್ಮ ಬಚ್ಚಲ ಹಂಡೆ ಒಲಿ ಮ್ಯಾಲಿನ ಅಟ್ಟದಾಗ ಕೊಬ್ಬರಿ ಜೊತಿ ಇಟ್ಟು ಒಣಗಿಸಿ ಕೊಟ್ರು, ಹೊಗಿ ಹತ್ತಿ ಕರ್ರಗಾಗಿ ಖರೇ ಕೋಣದಂಗ ಕಾಣಸ್ತಿದ್ವು. ಹಂಗೇ ಜಗಲಿ ಮ್ಯಾಲ ಇಟ್ಟು, ಕುಂಕುಮ ಹಚ್ಚಿ, ಹೋಳಿಗಿ ಎಡಿ ಹಿಡದು ಪೂಜಾ ಮಾಡಿದ್ವಿ. ಅತ್ತಿ ವಿಡಿಯೋ ಕಾಲ್‌ನಾಗ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮ್ಯಾಲ “ಉಳೂದು ಯಾವುದಾದ್ರ ಏನವ್ವ, ಕಾಲು ಮುರೀದಂಗ ಇಡ್ರಿ” ಅಂದ್ರು.

ಈಗ ಒಂದು ಪ್ರಶ್ನೆ. ಪುಂಡಿ ಬೀಜ ಅಣ್ಣ ಕಳಸ್ಯಾನ, ಗ್ರೋ ಬ್ಯಾಗಿನಾಗ ಹಾಕೀನಿ, ನಾಲ್ಕೈದು ಮೊಳಕಿ ಬಂದಾವ. ಈ ಮಳಿಗೆ ಉಳೀತಾವೇನ್ರಿ? ಯಾರಾದ್ರೂ ಇಲ್ಲಿ ಬೆಳದೀರೇನು?


ಕದ್ರಿಗುಡ್ಡೆ:

ನೇರ ಮಳೆ ಬೀಳ್ಬಾರ್ದು ಅಕ್ಕ, ಬುಡ ಕೊಳೀತದೆ. ಸಿಟೌಟಿನ ಅಂಚಿಗೆ, ಬಿಸಿಲು ಬಂದಾಗ ತಾಗುವ ಹಾಗೆ ಇಡಿ, ಮಣ್ಣಿಗೆ ಅರ್ಧ ಪಾಲು ಹೊಯಿಗೆ (ಮರಳು) ಸೇರಿಸಿ, ಬ್ಯಾಗಿನ ಅಡಿಯಲ್ಲಿ ತೂತು ಸರಿ ಉಂಟಾ ನೋಡಿ. ಬದುಕಿದ್ರೆ ನಂಗೂ ಒಂದು ಗಿಡ ಕೊಡಿ, ಆ ಸೊಪ್ಪಿನ ರುಚಿ ನೋಡ್ಬೇಕು. ನಾನು ಆಟಿ ಅಮಾವಾಸ್ಯೆಗೆ ಕೆತ್ತೆ ತರ್ಲಿಕ್ಕೆ ಹೋಗುವಾಗ ಮೊಮ್ಮಗನನ್ನು ಎಬ್ಬಿಸಿ ಕರ್ಕೊಂಡು ಹೋಗ್ತೇನೆ ಅಂತ ಈ ವರ್ಷ ಮಗಳ ಹತ್ರ ಹೇಳಿಯಾಗಿದೆ, ನಿಮ್ಮ ಹುಡುಗಿಯನ್ನೂ ಕಳಿಸಿ, ಬೆಳಗ್ಗೆ ನಾಲ್ಕೂವರೆಗೆ, ಟಾರ್ಚ್ ಇಬ್ಬರಿಗೂ ಒಂದೊಂದು ಬೇಕು.